ಸೊಂಟದ ಅಳತೆ

ಆಸ್ಪತ್ರೆ, ಎರಡನೇ ಮಹಡಿ
ಜುಲೈ ೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಇದನ್ನು ಪೂರ್ತಿ ಓದಿ ಆಮೇಲೆ ಇನ್ನಷ್ಟು ಬೈಯಿ. ಫೋನಿನಲ್ಲಿ ಹೇಳೋಣವೆಂದರೆ ಮಗಳು, ನಿನ್ನ ಚೂಟಿ, ಪಕ್ಕದಲ್ಲೇ ಮಲಗಿದ್ದಾಳೆ. ಅವಳ ಕಿವಿ ಎಂಥದ್ದೆಂದು ನಿನಗೆ ಗೊತ್ತಲ್ಲ. ನಿಮ್ಮೂರ ಬಸ್ಸಿನ ಕಂಡಕ್ಟರ್ ನನ್ನ ಹಳೆಯ ಗಿರಾಕಿ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಅವಳಿಗೆ ಆಪರೇಷನ್. ಅಂಡಾಶಯದಲ್ಲಿ ನೀರು ತುಂಬಿದ ಗಡ್ಡೆಯಂತೆ. ಗಾಬರಿಯಾಗಬೇಡ.

ಬೆಳೆಯುವ ಮಗು ಎಂದು ಅವಳ ಪ್ರತಿ ಸ್ಕರ್ಟಿನ ಸೊಂಟದಲ್ಲೂ ಎರಡಿಂಚು ಬಟ್ಟೆ ಒಳಗೆ ಮಡಿಸಿಡುವುದು ನನ್ನ ರೂಢಿ. ವರ್ಷಕ್ಕೊಮ್ಮೆ ಬಿಚ್ಚಿದರೆ ಸಾಕು. ಈ ಸಲ ಮೂರು ತಿಂಗಳಲ್ಲಿ ಮೂರು ಸಲ ಬಿಚ್ಚಿದೆ. ಮೊದಲ ಸಲ "ನಿಮ್ಮಪ್ಪನ ಹೊಟ್ಟೆ ನಿನಗೇ ಬಂತಲ್ಲೇ" ಎಂದು ನಕ್ಕೆ. ರವಿಕೆಯ ತೋಳು, ಭುಜದ ಅಳತೆ ಒಂದು ನೂಲೂ ಹೆಚ್ಚಿರಲಿಲ್ಲ. ಎರಡು ತಿಂಗಳಿಂದ ಮುಟ್ಟೂ ನಿಂತಿತ್ತು. ಹೊಟ್ಟೆನೋವು ಎಂದಾಗಲೆಲ್ಲ "ಎಲ್ಲರಿಗೂ ಇರೋದೇ ಕಣೇ, ನಿನ್ನೊಬ್ಬಳಿಗೇನಾ?" ಎಂದು ಬಾಯಿ ಮುಚ್ಚಿಸಿದೆ. ಇಪ್ಪತ್ತು ವರ್ಷ ಊರವರ ಸೊಂಟ ಅಳೆದವಳಿಗೆ ಮಗಳದ್ದು ಹೊಳೆಯಲಿಲ್ಲ ನೋಡು.

ಶನಿವಾರ ಶಾಲೆಯಲ್ಲಿ ನೋವು ತಡೆಯಲಾರದೆ ಮೆಟ್ಟಿಲ ಮೇಲೆ ಕುಸಿದಳಂತೆ. ಟೀಚರ್ ಫೋನ್ ಮಾಡಿದರು, ನಾನು ಮಿಷನ್ನಿನಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ಓಡಿದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಚೀಟಿ ಬರೆಯುವ ಹೆಂಗಸು ತಲೆಯನ್ನೂ ಎತ್ತದೆ "ಮದುವೆ ಆಗಿದ್ಯಾ?" ಎಂದು ಜೋರಾಗಿ ಕೇಳಿದಳು. ಯೂನಿಫಾರ್ಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತ ಚೂಟಿ, "ಮೊದ್ಲು ಹತ್ತನೇ ಕ್ಲಾಸ್ ಮುಗೀಲಿ ಮೇಡಂ, ಆಮೇಲೆ ಗಂಡು ನೋಡೋಣ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಮೊದಲು ಅವಳ ಜೊತೆ ಮಾತಾಡಿ, ಆಮೇಲೆ ನನ್ನ ಕಡೆ ತಿರುಗಿದರು. "ಈ ವಯಸ್ಸಲ್ಲಿ ಗಡ್ಡೆ ಬರೋದು ಅಪರೂಪ ಅಲ್ಲಮ್ಮ. ಚಿಕ್ಕದಿದ್ರೆ ತಾನಾಗೇ ಕರಗತ್ತೆ. ಇದು ತೆಂಗಿನಕಾಯಿ ಗಾತ್ರ ಆಗಿದೆ. ತಿರುಚಿಕೊಂಡ್ರೆ ಅಂಡಾಶಯಾನೇ ತೆಗೀಬೇಕಾಗತ್ತೆ. ಅದನ್ನ ಉಳಿಸೋಕೇ ಪ್ರಯತ್ನ ಮಾಡ್ತೀವಿ. ಇನ್ನೊಂದು ತಿಂಗಳು ಮುಂಚೆ ಯಾಕೆ ಬರಲಿಲ್ಲ?" ಹೊಲಿಗೆ ಜಾಸ್ತಿ ಇತ್ತು ಎಂದೆ. ಚೂಟಿ ಕಿಟಕಿಯ ಕಡೆ ನೋಡುತ್ತಿದ್ದಳು.

ರಕ್ತಪರೀಕ್ಷೆಯ ಒಂದು ರಿಪೋರ್ಟ್ ಬರಬೇಕು, ಗುರುವಾರವಂತೆ. ಕೆಟ್ಟದ್ದೇನೂ ಕಾಣುತ್ತಿಲ್ಲ ಎನ್ನುತ್ತಾರೆ, ಆದರೂ ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೆ ಎದ್ದು ಹೋಗಿ ಬಾಗಿಲಲ್ಲಿ ಇಣುಕುತ್ತೇನೆ. ಇವರು ಹೊರಗಿನ ಬೆಂಚಿನ ಮೇಲೆ ಹಳೇ ಪೇಪರನ್ನೇ ತಿರುವಿ ತಿರುವಿ ಓದುತ್ತಾರೆ. ಮಗಳ ಹತ್ತಿರ ಏನು ಮಾತಾಡಬೇಕೆಂದು ಪಾಪ ಗೊತ್ತಾಗುವುದಿಲ್ಲ.

ನೀನು ಓಡಿ ಬರಬೇಕೆಂದೇನಿಲ್ಲ. ನಿನಗೆ ರಜೆ ಸಿಗುವುದು ಎಷ್ಟು ಕಷ್ಟವೆಂದು ಬಲ್ಲೆ. ಇದ್ದಲ್ಲಿಂದಲೇ ಅವಳಿಗೆ ಒಳ್ಳೆಯದನ್ನು ಬಯಸು. ಭಾವನಿಗೆ ನಮಸ್ಕಾರ, ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ಇತಿ,
ನಿನ್ನ ತಂಗಿ

ತಾ.ಕ.: ಅಕ್ಕ, ಹೊಳೆಯಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಹೊಳೆದಿತ್ತು, ಆದರೆ ಬೇರೇನೋ. ಒಂದು ತಿಂಗಳ ಹಿಂದೆ ಬಾಗಿಲು ಹಾಕಿ "ಯಾರವನು?" ಎಂದು ಕೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾಗುವಷ್ಟರಲ್ಲಿ ಕೆನ್ನೆಗೆ ಹೊಡೆದಿದ್ದೆ. ಜನರಿಗೆ ಗೊತ್ತಾದರೆ ಎಂದು ಹೆದರಿ ಡಾಕ್ಟರ ಹತ್ತಿರವೂ ಕರೆದೊಯ್ಯಲಿಲ್ಲ. ಅಂದಿನಿಂದ ಶನಿವಾರದವರೆಗೆ ಅವಳು ನನ್ನೆದುರು ಒಂದು ಸಲವೂ ನೋವು ಎನ್ನಲಿಲ್ಲ.

ಈಗಷ್ಟೇ ನರ್ಸ್ ಬಂದಿದ್ದಳು. ಶುಕ್ರವಾರ ಆಪರೇಷನ್ ಕೋಣೆಯ ಬಾಗಿಲವರೆಗೆ ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದಳು. ನಾನು ಎದ್ದು ನಿಂತೆ. ಚೂಟಿ ನನ್ನ ಮುಖ ನೋಡದೆ, "ದೊಡ್ಡಮ್ಮ ಬರ್ತಾರೆ" ಎಂದಳು.

ಬಾ ಅಕ್ಕ.