ನಲವತ್ತೊಂದು ಸಹಿ

ಮಾರ್ಚ್ ೯, ಶನಿವಾರ, ಮಧ್ಯಾಹ್ನ
ಕಾನೂನು ಕಾಲೇಜಿನ ಗ್ರಂಥಾಲಯ

ವಾಯಿದೆ,

ಇಷ್ಟು ದಿನ ಪ್ರತಿ ಪತ್ರದಲ್ಲೂ ಈ ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯುತ್ತಿದ್ದೆ. ಇವತ್ತು ಅದನ್ನು ಬಿಟ್ಟಿದ್ದೇನೆ. ಯಾವ ಕೆಲಸವನ್ನೂ ಆ ದಿನವೇ ಮುಗಿಸದೆ ಮುಂದಿನ ತಾರೀಖಿಗೆ ತಳ್ಳುತ್ತಿದ್ದ ನಿನಗೆ ತರಗತಿ ಇಟ್ಟ ಹೆಸರು ವಾಯಿದೆ. ಎಲ್ಲದಕ್ಕೂ ತೀರ್ಪು ಕೊಡುತ್ತೇನೆಂದು ನನಗೆ ನೀನು ಇಟ್ಟ ಹೆಸರು ಜಡ್ಜಮ್ಮ. ಐದು ವರ್ಷ ಒಂದೇ ರೂಮಿನಲ್ಲಿ ಆ ಎರಡು ಹೆಸರುಗಳಲ್ಲೇ ಕಳೆದೆವು.

ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಭೂದಾಖಲೆ ಕಚೇರಿಯಲ್ಲಿ ಕಲ್ಲುಕ್ವಾರಿ ಪರವಾನಗಿಯ ಕೊನೆಯ ವಿಚಾರಣೆ ಇದೆ. ಕ್ವಾರಿ ಮಾಲೀಕನ ಅರ್ಜಿಗೆ ಲಗತ್ತಿಸಿರುವ ನಲವತ್ತೊಂದು ಸಹಿಗಳು ನಿಜವಾಗಿ ಏತಕ್ಕೆ ಹಾಕಿದವು ಎಂಬುದನ್ನು ಬಲ್ಲವರು ಯಾರಾದರೂ ಅಷ್ಟರೊಳಗೆ ಪ್ರಮಾಣ ಮಾಡಿ ಹೇಳಬೇಕು. ಹೇಳದಿದ್ದರೆ ಊರ ಹಿಂದಿನ ಇಳಿಜಾರು, ಅಲ್ಲಿಯ ನೀರಿನ ಒರತೆ, ಆಡು ಮೇಯುವ ಹುಲ್ಲು, ಎಲ್ಲಾ ಕ್ವಾರಿಯವನ ಕೈಸೇರುತ್ತವೆ. ಆ ಹಾಳೆಗಳನ್ನು ಸಾಲಿನಲ್ಲಿ ದಾಟಿಸಿದ್ದು ನೀನು ಮತ್ತು ನಾನು. ನೀನು ಹೇಳುವುದಿಲ್ಲ. ನನ್ನ ಪ್ರಮಾಣಪತ್ರದ ಕರಡು ಈ ಪತ್ರದ ಪಕ್ಕದಲ್ಲೇ ಇದೆ.

ನೀನು ಯಾವುದನ್ನೂ ಮರೆತಿರಲಾರೆ. ಆದರೂ ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನ ಸಿಟ್ಟು ಸೋರಿಹೋಗುತ್ತದೆ. ಅದು ಸೋಮವಾರದವರೆಗೆ ನನಗೆ ಬೇಕು.

ನವೆಂಬರಿನಲ್ಲಿ ಐದು ದಿನ ನಾವು ಆ ಊರಿನಲ್ಲಿ ಕಾನೂನು ಅರಿವು ಶಿಬಿರ ನಡೆಸಿದೆವು. ದೊಡ್ಡ ಸೂರು ಇದ್ದದ್ದು ಕ್ವಾರಿಯವನ ಉಗ್ರಾಣಕ್ಕೆ ಮಾತ್ರ. ಅವನೇ ಕುರ್ಚಿ ಹಾಕಿಸಿದ, ಚಹಾ ಕಳಿಸಿದ, ಮೊದಲ ದಿನ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದ. "ಹೆಣ್ಮಕ್ಕಳು ನಾಲ್ಕಕ್ಷರ ತಿಳ್ಕೊಳ್ಳಲಿ ಮೇಡಂ, ನಮಗೂ ಒಳ್ಳೇದೇ" ಎಂದ. ನಮ್ಮ ಮೇಷ್ಟ್ರು ಉದ್ಘಾಟನೆಗೆ ಬಂದು, ಫೋಟೊ ತೆಗೆಸಿಕೊಂಡು, ಅದೇ ಬಸ್ಸಿಗೆ ವಾಪಸು ಹೋದರು. ಉಳಿದವರು ನಾವಿಬ್ಬರೇ.

ಆಡಿನಜ್ಜಿ ದಿನವೂ ಎರಡು ಆಡುಗಳನ್ನು ಉಗ್ರಾಣದ ಕಂಬಕ್ಕೆ ಕಟ್ಟಿ ಒಳಗೆ ಬರುತ್ತಿದ್ದಳು. ಅರವತ್ತು ದಾಟಿದ ಮೇಲೂ ಹೆಬ್ಬೆಟ್ಟು ಒತ್ತುತ್ತಿದ್ದವಳು, ತನ್ನ ಹೆಸರು ಬರೆಯುವುದನ್ನು ಕಲಿಸಿಕೊಡು ಎಂದು ನಿನ್ನನ್ನೇ ಹಿಡಿದಳು. ಮೂರು ದಿನ ಅವಳ ಕೈ ಹಿಡಿದು ಸ್ಲೇಟಿನ ಮೇಲೆ ತೀಡಿಸಿದವಳು ನೀನು. ಇದನ್ನೂ ಪ್ರಮಾಣಪತ್ರದಲ್ಲಿ ಬರೆದಿದ್ದೇನೆ. ನಿನ್ನ ಪರವಾಗಿ ಬರೆದದ್ದಲ್ಲ. ಆ ಸಹಿ ಯಾರದೆಂದು ನಿನಗೆ ಗುರುತು ಹತ್ತದೆ ಹೋಯಿತು ಎಂದು ಯಾರೂ ವಾದಿಸಬಾರದು.

ಮೂರನೆಯ ದಿನದ ಪಾಠ, ಓದದ ಕಾಗದಕ್ಕೆ ಸಹಿ ಹಾಕಬಾರದು ಎಂಬುದು. ನೀನು ಇದ್ದಿಲಿನ ಮೀಸೆ ಬರೆದುಕೊಂಡು ಮೋಸಗಾರನಾದೆ. ಖಾಲಿ ಹಾಳೆ ಹಿಡಿದು ಸಾಲಿನ ಮಧ್ಯೆ ಓಡಾಡುತ್ತ "ಒಂದೇ ಒಂದು ಸಹಿ ಕಣಮ್ಮ, ನಿನ್ನ ಗಂಟೇನು ಹೋಗುತ್ತೆ?" ಎಂದು ಪೀಡಿಸಿದೆ. ಹೆಂಗಸರೆಲ್ಲ "ಓದಿ ಹೇಳೋ ಮೊದಲು" ಎಂದು ಬೈದರು. ಟೈಲರಕ್ಕ "ಮೀಸೆ ನೋಡಿದ್ರೇ ಗೊತ್ತಾಗುತ್ತೆ, ಇವನು ಮನೆ ಮುರಿಯೋನೇ" ಎಂದಳು. ಆಡಿನಜ್ಜಿ ಎದ್ದು ಬಂದು ಸೆರಗಿನಿಂದ ನಿನ್ನ ಮೀಸೆ ಒರೆಸಿದಳು. ಅಷ್ಟು ಚೆನ್ನಾಗಿ ಒಂದು ಪಾಠ ತಲುಪಿದ್ದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಅದಾಗಿ ಇಪ್ಪತ್ತು ನಿಮಿಷಕ್ಕೆ ಹಾಜರಿ ಪಟ್ಟಿ ಹೊರಟಿತು. ಹಾಜರಿಗೆ ಕಾಲೇಜಿನ ಮುದ್ರಿತ ಶೀರ್ಷಿಕೆ ಇರಬೇಕು, ಇಲ್ಲದಿದ್ದರೆ ಶಿಬಿರದ ಅಂಕ ಸಿಗುವುದಿಲ್ಲ ಎಂಬುದು ನಿಯಮ. ಶೀರ್ಷಿಕೆಯ ಹಾಳೆ ಇನ್ನೂ ಬಂದಿರಲಿಲ್ಲ. ಆಮೇಲೆ ಮುದ್ರಿಸಿಕೊಂಡರಾಯಿತು ಎಂದು ಹಾಳೆಯ ಮೇಲ್ಭಾಗವನ್ನು ಖಾಲಿ ಬಿಡಲಾಯಿತು. ಆಡಿನಜ್ಜಿ ತನ್ನ ಸರದಿ ಬಂದಾಗ ಪೆನ್ನು ಹಿಡಿದು, "ಇದರಲ್ಲಿ ಏನು ಬರೆದಿದೆ, ಓದು" ಎಂದಳು. ಏನೂ ಬರೆದಿಲ್ಲ ಅಜ್ಜಿ, ಬರೀ ಹಾಜರಿ ಎಂದೆವು. "ಏನೂ ಬರೀದೇ ಇರೋದಕ್ಕೆ ನಾನ್ಯಾಕೆ ಸಹಿ ಹಾಕ್ಲಿ?" ಎಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಅವಳಿಗೆ ನಾಚಿಕೆಯಾಯಿತು. ತಲೆ ಬಗ್ಗಿಸಿ, ನಾಲ್ಕು ನಿಮಿಷ ತೆಗೆದುಕೊಂಡು, ಜೀವಮಾನದ ಮೊದಲ ಸಹಿ ಹಾಕಿದಳು.

ಹೊರಡುವ ದಿನ ಕ್ವಾರಿಯವನು ಹಾಜರಿಯ ಎರಡೂ ಹಾಳೆಗಳನ್ನು ಕೇಳಿದ. ತನ್ನ ಉಗ್ರಾಣದಲ್ಲಿ ಇಂಥ ಒಳ್ಳೆಯ ಕೆಲಸ ನಡೆದದ್ದಕ್ಕೆ ನೆನಪಿಗೆ ಇಟ್ಟುಕೊಳ್ಳುತ್ತೇನೆ, ನಿಮಗೆ ನಕಲು ತೆಗೆಸಿ ಕೊಡುತ್ತೇನೆ ಎಂದ. ನೀನು ಅವನ ಕಚೇರಿಗೆ ಹೋಗಿ ಹತ್ತೇ ನಿಮಿಷದಲ್ಲಿ ನಕಲು ಹಿಡಿದು ಬಂದೆ. ಮೂಲ ಹಾಳೆ ಎಲ್ಲಿ ಎಂದು ನಾನು ಕೇಳಿದ್ದಕ್ಕೆ, "ಅವರ ಹತ್ರಾನೇ ಇರ್ಲಿ ಬಿಡೇ, ಕಾಲೇಜಿಗೆ ನಕಲು ಸಾಕು" ಎಂದೆ. ವಾಯಿದೆ ಒಂದು ಕೆಲಸವನ್ನು ಅದೇ ದಿನ ಮುಗಿಸಿದಳು ಎಂದು ಬಸ್ಸಿನುದ್ದಕ್ಕೂ ನಿನ್ನನ್ನು ಆಡಿಕೊಂಡೆ. ಕಾಲೇಜಿನವರು ಆ ಶೀರ್ಷಿಕೆಯನ್ನು ಕೊನೆಗೆ ಕೇಳಲೂ ಇಲ್ಲ. ನಕಲಿನಲ್ಲಿದ್ದ ಸಹಿ ಎಣಿಸಿ ಅಂಕ ಕೊಟ್ಟರು. ಇಬ್ಬರಿಗೂ ಪೂರ್ತಿ ಅಂಕ ಬಂತು.

ಜನವರಿಯಲ್ಲಿ ನಿನಗೆ ದೊಡ್ಡ ವಕೀಲರ ಕಚೇರಿಯಲ್ಲಿ ಜಾಗ ಸಿಕ್ಕಿತು. ಅದಕ್ಕೆ ನಾನೂ ಅರ್ಜಿ ಹಾಕಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬರೆದುಬಿಡುವುದು ಒಳ್ಳೆಯದು, ಯಾಕೆಂದರೆ ಸೋಮವಾರ ನಿನ್ನ ಕಚೇರಿಯ ಹಿರಿಯ ವಕೀಲರು ಇದನ್ನೇ ಹಿಡಿದು ನನ್ನನ್ನು ಜಗ್ಗಾಡುತ್ತಾರೆ. ಆ ಕಚೇರಿಯ ಹಳೆಯ ಕಕ್ಷಿದಾರ ಕ್ವಾರಿಯವನು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಟೈಲರಕ್ಕ ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂದದ್ದು ಫೆಬ್ರವರಿ ಇಪ್ಪತ್ತೆರಡಕ್ಕೆ. ಈಗ ನಾನು ಕೂತಿರುವ ಮೇಜಿಗೇ ಬಂದಳು. ಇಳಿಜಾರಿಗೆ ತಂತಿಬೇಲಿ ಹಾಕಲು ಆಳುಗಳು ಬಂದಾಗ ಹೆಂಗಸರು ಅಡ್ಡ ನಿಂತರಂತೆ. ಕ್ವಾರಿಯವನು ದೂರದಿಂದ ಒಂದು ಕಾಗದ ತೋರಿಸಿ, ನೀವೇ ಒಪ್ಪಿ ಸಹಿ ಹಾಕಿದ್ದೀರಲ್ಲ ಎಂದನಂತೆ. ಯಾರೂ ಕಲ್ಲು ಎತ್ತಲಿಲ್ಲ, ಅಳಲಿಲ್ಲ. ಶಿಬಿರದ ನಾಲ್ಕನೆಯ ದಿನ ನಾವು ಕಲಿಸಿದ್ದನ್ನು ಮಾಡಿದರು. ಭೂದಾಖಲೆ ಕಚೇರಿಗೆ ಅರ್ಜಿ ಕೊಟ್ಟು ಆ ಕಾಗದದ ದೃಢೀಕೃತ ನಕಲು ತೆಗೆಸಿದರು. ಅದನ್ನು ಟೈಲರಕ್ಕ ನನ್ನ ಪುಸ್ತಕದ ಮೇಲೆ ಇಟ್ಟಳು.

"ಓದಿ ಹೇಳಿ ಮೇಡಂ" ಎಂದಳು. "ನನಗೂ ಓದೋಕೆ ಬರುತ್ತೆ. ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು."

ಓದಿದೆ. ಕೆಳಗೆ ಸಹಿ ಮಾಡಿರುವ ನಾವು ಇಳಿಜಾರು ಹಾಗೂ ಒರತೆಯ ಮೇಲಿನ ನಮ್ಮ ಬಳಕೆಯ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇವೆ ಎಂದು ಐದು ಸಾಲು ಟೈಪು ಮಾಡಲಾಗಿತ್ತು. ಸಹಿಗಳ ಮೇಲೆ ಉಳಿದಿದ್ದ ಜಾಗಕ್ಕೆ ಅಳತೆ ಮಾಡಿದಂತೆ ಕೂತಿತ್ತು. ಗ್ರಂಥಪಾಲಕರು ಸದ್ದು ಮಾಡಬೇಡಿ ಎಂದು ನೋಡಿದರು. ಟೈಲರಕ್ಕ ಹಾಳೆ ತಿರುಗಿಸಿದಳು. ಹಿಂದುಗಡೆ ಸ್ವೀಕೃತಿಯ ಮೊಹರು, ಅದರ ಕೆಳಗೆ ಸಲ್ಲಿಸಿದವರು ಎಂಬಲ್ಲಿ ನಿನ್ನ ಸಹಿ.

"ಮೀಸೆ ಇಲ್ಲದೇನೇ ಆ ಪಾರ್ಟು ಇನ್ನೂ ಚೆನ್ನಾಗಿ ಮಾಡಿದ್ರು" ಎಂದಳು.

ಮರುದಿನ ಊರಿಗೆ ಹೋದೆ. ಉಗ್ರಾಣಕ್ಕೆ ಬೀಗ ಬಿದ್ದಿತ್ತು. ಟೈಲರಕ್ಕನ ಅಂಗಡಿಯಲ್ಲಿ ಹದಿನೈದು ಮಂದಿ ಸೇರಿದರು, ಕೂರಲು ಜಾಗವಿಲ್ಲದೆ ಅರ್ಧ ಜನ ಬಾಗಿಲಲ್ಲೇ ನಿಂತರು. ಯಾರೂ ನನ್ನನ್ನು ಕೂರು ಎನ್ನಲಿಲ್ಲ. ಒಬ್ಬಳು, "ಮುಂದಿನ ಶಿಬಿರ ಯಾವಾಗ ಮೇಡಂ? ಮನೆ ಪತ್ರಾನೂ ತರ್ತೀವಿ" ಎಂದಳು. ಯಾರೂ ನಗಲಿಲ್ಲ. ಆಡಿನಜ್ಜಿ ಮೂಲೆಯಲ್ಲಿ ಬಟ್ಟೆಯ ಗಂಟಿನ ಮೇಲೆ ಕೂತಿದ್ದಳು.  ನನ್ನ ಕಡೆ ನೋಡದೆ ಹೇಳಿದಳು: "ಅವತ್ತು ನಾನು ಕೇಳ್ದೆ. ನೀವು ನಕ್ರಿ."

ನನ್ನಿಂದ ಏನಾಗಬೇಕು ಅಜ್ಜಿ ಎಂದು ಕೇಳಿದೆ.

"ನನ್ನ ಹೆಸರು ಆ ಕಾಗದದಿಂದ ಕಿತ್ತು ತಂದ್ಕೊಡು. ಆಮೇಲೆ ಆ ಹುಡುಗಿ ಇನ್ನು ಯಾರ ಕಾಗದಾನೂ ಮುಟ್ಟದ ಹಾಗೆ ಮಾಡು."

ಅವಳು ಈಗ ಮತ್ತೆ ಹೆಬ್ಬೆಟ್ಟು ಒತ್ತುತ್ತಾಳೆ. ನನ್ನೆದುರಿಗೇ ಆಕ್ಷೇಪಣೆಯ ಅರ್ಜಿಗೆ ಒತ್ತಿದಳು, ಇಡೀ ಅರ್ಜಿಯನ್ನು ಟೈಲರಕ್ಕನಿಂದ ಎರಡು ಸಲ ಓದಿಸಿ. ನನ್ನಿಂದ ಓದಿಸಲಿಲ್ಲ.

ಅಲ್ಲಿಂದ ನೇರವಾಗಿ ನಿನ್ನ ಕಚೇರಿಗೆ ಬಂದೆ. ನೀನು ಒಳಗೆ ಕರೆಯದೆ ಮೆಟ್ಟಿಲ ಮೇಲೇ ನಿಲ್ಲಿಸಿ ಮಾತಾಡಿಸಿದೆ. ಆ ಐದು ಸಾಲು ನಾನು ಟೈಪು ಮಾಡಿದ್ದಲ್ಲ, ಹಿರಿಯರು ಕೊಟ್ಟ ಕಡತವನ್ನು ಭೂದಾಖಲೆ ಕಚೇರಿಗೆ ತಲುಪಿಸಿದೆ ಅಷ್ಟೇ ಎಂದೆ ನೀನು. ಕಡತ ತೆರೆದು ನೋಡಿದೆಯಾ ಎಂದು ನಾನು ಕೇಳಿದೆ.  ನೋಡಿದ್ದೆ ಎಂದು ನೀನೇ ಒಪ್ಪಿಕೊಂಡೆ. ಆ ದಿನವೇ ಹಿಂದಕ್ಕೆ ತಂದಿದ್ದರೆ ಕೆಲಸ ಹೋಗುತ್ತಿತ್ತು, ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳಿದೆ. ನಿನ್ನ ಬಾಯಿಂದ ಬಂದ ಮಾತೇ ಇದು. "ಅವರಿಗೆ ಬೇರೆ ಕಡೆಯಿಂದ ನೀರು ಬರುತ್ತೆ ಕಣೇ, ಪೈಪು ಹಾಕಿಸ್ತಾರಂತೆ" ಎಂದೆ. ನಾನು ಪ್ರಮಾಣಪತ್ರ ಕೊಡುತ್ತೇನೆ ಎಂದಾಗ ನಿನ್ನ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. "ಬರೆಯೋದಾದ್ರೆ ಪೂರ್ತಿ ಬರಿ ಜಡ್ಜಮ್ಮ" ಎಂದೆ. ನಾನು ಮೆಟ್ಟಿಲು ಇಳಿದು ಬಂದೆ.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಮೊನ್ನೆ ಕಾಲೇಜಿನ ಕಡತದಲ್ಲಿ ನೀನು ತಂದುಕೊಟ್ಟ ನಕಲು ಸಿಕ್ಕಿತು. ಅದರಲ್ಲಿ ನಲವತ್ತೊಂದು ಸಹಿಗಳಿವೆ, ಮೇಲೆ ಏನೂ ಇಲ್ಲ. ಅದನ್ನು ಪಡೆದುಕೊಂಡಾಗ ಕಾಲೇಜು ಒತ್ತಿದ ನವೆಂಬರಿನ ತಾರೀಖಿನ ಮೊಹರೂ ಇದೆ. ಇವು ಹಾಜರಿ ಸಹಿಗಳು ಎಂದು ನಾನು ನಾಲ್ಕು ಸಾಲು ಬರೆದು ಈ ನಕಲು ಲಗತ್ತಿಸಿದರೆ ಒಪ್ಪಿಗೆ ಪತ್ರ ಅಲ್ಲೇ ಬಿದ್ದುಹೋಗುತ್ತದೆ. ನಿನ್ನ ಹೆಸರಿನ ಅಗತ್ಯವೇ ಇಲ್ಲ. ನಿನ್ನೆ ನಿನ್ನ ಹೆಸರಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿ ಓದಿ ನೋಡಿದೆ. ವಾದ ಒಂದಿಷ್ಟೂ ಅಲುಗಲಿಲ್ಲ. ಹೆಂಗಸರಿಗೆ ಇಳಿಜಾರು ಉಳಿಯುತ್ತದೆ, ನಿನಗೆ ಮುಂದಿನ ತಿಂಗಳು ವಕೀಲಿಕೆಯ ಸನ್ನದು ಸಿಗುತ್ತದೆ, ಕರಿ ಕೋಟು ಹಾಕಿಕೊಂಡು ನೀನು ಆ ಮೆಟ್ಟಿಲು ಹತ್ತುತ್ತೀಯ.

ಅರ್ಧ ಗಂಟೆ ಹಾಗೇ ಕೂತೆ. ಆಮೇಲೆ ಹೊಡೆದುಹಾಕಿದ ಪ್ರತಿಯೊಂದು ಸಾಲನ್ನೂ ತಿರುಗಿ ಬರೆದೆ, ಮೊದಲಿಗಿಂತ ಸ್ಪಷ್ಟವಾಗಿ. ವಿಶೇಷಣ ಹಾಕದೆ, ಸಣ್ಣ ವಾಕ್ಯಗಳಲ್ಲಿ. ಹಾಗೆ ಬರೆದದ್ದೇ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಎಂದು ನನಗೆ ಕಲಿಸಿದವಳು ನೀನೇ. ಬರೆಯುವಾಗ ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬಾ ಖುಷಿಯಾಯಿತು. ಇದನ್ನು ನ್ಯಾಯ ಎಂದು ಕರೆದು ನಿನ್ನೆದುರು ದೊಡ್ಡವಳಾಗುವ ಆಸೆ ನನಗಿಲ್ಲ. ನಿನಗೆ ನೋವಾಗಬೇಕು. ವಕೀಲರ ಪರಿಷತ್ತಿನ ಮುಂದೆ ನಿಂತು, ಆಡಿನಜ್ಜಿಯ ಸಹಿಯನ್ನು ತೋರಿಸಿ, ಇದು ಯಾರದು, ಅವಳ ಕೈ ಹಿಡಿದು ಬರೆಸಿದವರು ಯಾರು ಎಂದು ಅವರು ಕೇಳುವಾಗ ನೀನು ಉತ್ತರ ಹೇಳಬೇಕು. ಅದಕ್ಕೆ ಇನ್ನೊಂದು ದಿನ ಕೊಡಿ ಎಂದು ಕೇಳಲು ಅಲ್ಲಿ ಅವಕಾಶವಿರುವುದಿಲ್ಲ.

ಈ ಪತ್ರ ನಿನ್ನ ಕೈಗೆ ಸಿಗುವುದು ಸೋಮವಾರ ಮಧ್ಯಾಹ್ನದ ಟಪ್ಪಾಲಿಗೆ. ನೀನು ತಡೆಯಲು ಬರಲಿ ಎಂದು ಬರೆದದ್ದಲ್ಲ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು ಎಂದು ಬರೆದೆ. ಐದು ವರ್ಷದ್ದು ಅಷ್ಟು ಮಾತ್ರ ಉಳಿದಿದೆ.

ಇಂತಿ,
ಜಡ್ಜಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಎಲ್ಲೂ ಬರೆಯದೆ ತಪ್ಪಿಸಿಕೊಂಡದ್ದು. ಮೂರನೆಯ ದಿನ ಹಾಜರಿ ಹಾಳೆ ಹೊರಡುವ ಮೊದಲು ನೀನು, "ಹಾಜರಿ ಅಂತ ಕೈಯಲ್ಲೇ ಬರೆದುಬಿಡೋಣ ಕಣೇ, ಚೆಂದ ಕಟ್ಟಿಕೊಂಡು ಏನಾಗ್ಬೇಕು" ಎಂದು ಪೆನ್ನು ತೆಗೆದಿದ್ದೆ. ಕೈಬರಹ ಇದ್ದರೆ ಅಂಕ ಕತ್ತರಿಸುತ್ತಾರೆ ಎಂದು ನಿನ್ನ ಕೈಯಿಂದ ಪೆನ್ನು ಕಿತ್ತುಕೊಂಡವಳು ನಾನು. ಮೇಲೆ ನಾಲ್ಕು ಬೆರಳು ಜಾಗ ಅಳೆದು ಬಿಡಿಸಿದವಳೂ ನಾನೇ. ನಿನ್ನೆಯ ಕರಡಿನಲ್ಲಿ ಇದು ಇರಲಿಲ್ಲ. ಈ ಪತ್ರ ಬರೆದು ಮುಗಿಸಿದ ಮೇಲೆ ಈಗಷ್ಟೇ ಪ್ರಮಾಣಪತ್ರದ ಎರಡನೆಯ ಪ್ಯಾರಾದಲ್ಲಿ ಸೇರಿಸಿದೆ, ನನ್ನ ಪೂರ್ತಿ ಹೆಸರಿನೊಂದಿಗೆ. ಪರಿಷತ್ತಿನವರು ಇದನ್ನು ಓದಿದ ಮೇಲೆ ನನಗೂ ಸನ್ನದು ಕೊಡಲಾರರು. ಸೋಮವಾರ ಹತ್ತು ಗಂಟೆಗೆ ನೋಟರಿಯ ಬಳಿ ಟೈಲರಕ್ಕ ಬರುತ್ತಾಳೆ. ಅವಳ ಕೈಲಿ ಜೋರಾಗಿ ಓದಿಸಿ ಸಹಿ ಹಾಕಬೇಕೆಂದಿದ್ದೇನೆ. ಇನ್ನೂ ಹಾಕಿಲ್ಲ.