ಗ್ಯಾಲನ್ನಿಗೆ ಹದಿನಾಲ್ಕು ಮೈಲಿ

ಲೋಮೆನ್, ನಾರ್ತ್ ಡಕೋಟ
ಭಾನುವಾರ, 21 ಏಪ್ರಿಲ್ 1974

ಪ್ರೀತಿಯ ಮಾರಿಟ್,

ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಆರು ವಾರದ ಮೇಲಾಯಿತು. ಇಷ್ಟು ತಡ ಮಾಡಿದ್ದಕ್ಕೆ ಅಪ್ಪನನ್ನು ಕ್ಷಮಿಸಬೇಕು. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಬರೀ ಹವಾಮಾನದ ಸುದ್ದಿ ಬರೆದು, ಹರಿದು, ಒಲೆಗೆ ಹಾಕಿದೆ. ನಿನ್ನ ಅಮ್ಮ ನೋಡಿ, "ಮಗಳಿಗೊಂದು ಕಾಗದ ಬರೆಯೋಕೆ ಇಷ್ಟೊಂದು ಸುಡಬೇಕಾ?" ಅಂದಳು.

ಇಲ್ಲಿ ಹಿಮ ಕರಗಿದೆ. ರಸ್ತೆ ಬದಿಯ ಚರಂಡಿಗಳು ತುಂಬಿ ಹರಿಯುತ್ತಿವೆ, ಊರೆಲ್ಲ ಮೊಣಕಾಲುದ್ದ ಕೆಸರು. ಅಮ್ಮ ಮೇ ಐದರ ರೈಲಿಗೆ ಟಿಕೆಟ್ ಮಾಡಿಸಿದ್ದಾಳೆ. ಹೆರಿಗೆಗೆ ಮೊದಲೇ ಟಕೋಮಾ ಸೇರುತ್ತಾಳೆ. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ಬೆರಿಟ್ ಚಿಕ್ಕಮ್ಮನಿಗೆ ಹೇಳು. ಲೆಫ್ಸೆ ರೊಟ್ಟಿ ತಟ್ಟಿ ಬಟ್ಟೆಯಲ್ಲಿ ಸುತ್ತಿ ತರುತ್ತಾಳಂತೆ. ಶಾಲೆಯ ವಾದ್ಯಮೇಳಕ್ಕೆ ಹೊಸ ಮೇಷ್ಟ್ರು ಇನ್ನೂ ಸಿಕ್ಕಿಲ್ಲ. ಈಸ್ಟರ್ ದಿನ ಮಕ್ಕಳು ನಿನ್ನ ಡ್ವೇನ್ ಕಲಿಸಿದ್ದನ್ನೇ ಇಗರ್ಜಿಯಲ್ಲಿ ನುಡಿಸಿದರು. ನಾನು ಹೊರಗೆ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಒಳಗೆ ಹೋಗಲಾಗಲಿಲ್ಲ.

ನಿನ್ನ ಕಾಗದದಲ್ಲಿ ಒಂದು ಮಾತು ಬರೆದಿದ್ದೆ: "ಅವನು ಹೋದದ್ದಕ್ಕೆ ಅಳ್ತೀನಿ ಅಪ್ಪ. ಆದರೆ ಅಂಥ ದಿನ ಪೆಟ್ರೋಲ್ ನೋಡ್ಕೊಳ್ಳದೆ ಹೊರಟದ್ದಕ್ಕೆ ಅವನನ್ನ ಕ್ಷಮಿಸೋಕೆ ಆಗ್ತಿಲ್ಲ. ನಾಳೆ ಹುಟ್ಟೋ ಮಗುಗೆ ಏನು ಹೇಳಲಿ, ನಿಮ್ಮಪ್ಪ ಮರೆವಿನಿಂದ ಸತ್ತ ಅಂತಲೇ?" ಊರೂ ಇದನ್ನೇ ಹೇಳುತ್ತಿದೆ. ಕಾರು ಸಿಕ್ಕ ದಿನ ಶೆರಿಫ್ ನನ್ನ ಎದುರಿಗೇ, "ಟ್ಯಾಂಕು ಪೂರ್ತಿ ಬರಿದು. ಪಾಪ, ಮೇಷ್ಟ್ರಿಗೆ ಹಾಡು ನೆನಪಿರುತ್ತೆ, ಪೆಟ್ರೋಲ್ ಎಲ್ಲಿ ನೆನಪಿರುತ್ತೆ," ಅಂದ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅದಕ್ಕೇ ಈ ಕಾಗದ.

ಆ ಕಾರಿನ ವಿಷಯ ನಿನಗೆ ಅರ್ಧ ಗೊತ್ತು. ಇಪ್ಪತ್ತಾರು ವರ್ಷ ಬೇರೆಯವರ ಟ್ರ್ಯಾಕ್ಟರು, ಒಕ್ಕಣೆ ಯಂತ್ರಗಳ ಎಂಜಿನ್ ಬಿಚ್ಚಿ ಕಟ್ಟಿದವನು ನಾನು. ಅರುವತ್ತೇಳರಲ್ಲಿ ಹೊಸ ಪಾಂಟಿಯಾಕ್ ತಂದಾಗ ನಿನ್ನ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಇದ್ದುದರಲ್ಲಿ ದೊಡ್ಡ ಎಂಜಿನ್ನೇ ಬೇಕೆಂದೆ. ಹಿಂದಿನ ಚಕ್ರಗಳ ಗೇರು ಕೂಡ ಓಟದ ಪಂದ್ಯಕ್ಕೆ ಹಾಕುವಂಥದ್ದು ಬೇಕೆಂದು ಹೇಳಿ ಹಾಕಿಸಿದೆ. ನಿಂತಲ್ಲಿಂದ ಹಾರುತ್ತಿತ್ತು. ಆದರೆ ಆ ಗೇರಿನಲ್ಲಿ ಐವತ್ತರ ವೇಗಕ್ಕೇ ಎಂಜಿನ್ ಕಿರುಚುತ್ತಿತ್ತು, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ನಾನು ಅಳೆದು ನೋಡಿದ್ದೆ, ಒಂದು ಸಲವಲ್ಲ. ಕತ್ತಿನವರೆಗೆ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಗ್ಯಾಲನ್ನಿಗೆ ಒಂಬತ್ತು ಮೈಲಿ. ಎದುರುಗಾಳಿಗೆ ಎಂಟೂವರೆ. ಒಂದೇ ಒಂದು ಸಲ, ವಿಲಿಸ್ಟನ್‌ನಿಂದ ಬರುವಾಗ, ಬೆನ್ನಿಗೆ ಗಾಳಿ, ಮುಂದೆ ಗೋಧಿ ತುಂಬಿದ ಲಾರಿ. ಅದರ ಹಿಂದೆಯೇ ನಲವತ್ತರಲ್ಲಿ ತೆವಳಿಕೊಂಡು ಬಂದೆ. ಅವತ್ತು ಹದಿನಾಲ್ಕು ಬಂತು. ಅಂದಿನಿಂದ ಯಾರು ಕೇಳಿದರೂ ನನ್ನ ಬಾಯಲ್ಲಿ ಹದಿನಾಲ್ಕೇ.

ಸುಳ್ಳು ಹೇಳುತ್ತಿದ್ದೇನೆಂದು ಆಗ ಅನಿಸಿರಲಿಲ್ಲ. ಗಂಡಸರು ಹಿಡಿದ ಮೀನಿನ ಉದ್ದ ಹೇಳುವ ಹಾಗೆ ಎಂದುಕೊಂಡಿದ್ದೆ. ಮೇಲಾಗಿ, ಮೆಕ್ಯಾನಿಕ್ ಹೇಳಿದರೆ ಜನ ನಂಬುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಮದುವೆಗೆ ಆ ಕಾರನ್ನೇ ಉಡುಗೊರೆ ಕೊಟ್ಟೆ. ತಿಂಗಳು ತುಂಬುವುದರೊಳಗೆ ಅರಬರು ಎಣ್ಣೆ ನಿಲ್ಲಿಸಿದ್ದು ಬಿಸಿ ಮುಟ್ಟಿಸಿತು. ಬಂಕುಗಳ ಮುಂದೆ ಸಾಲು, ಭಾನುವಾರ ಬಾಗಿಲು ಬಂದ್. ಊರಲ್ಲಿ ಮೈಲೇಜ್ ಬಿಟ್ಟು ಬೇರೆ ಮಾತಿಲ್ಲ. ಬಂಕಿನ ಮೆಲ್ವಿನ್ ತನ್ನ ಪುಟ್ಟ ಜರ್ಮನ್ ಕಾರಿಗೆ ಮೂವತ್ತು ಬರುತ್ತದೆಂದು ಕಾಫಿ ಅಂಗಡಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ಹಬ್ಬ.

"ಏನ್ ಆರ್ವಿಡ್, ಅಳಿಯನಿಗೆ ಕಾರು ಕೊಟ್ಟೆಯೋ, ಸಾಕೋಕೆ ಆನೆ ಕೊಟ್ಟೆಯೋ?"

"ಹದಿನಾಲ್ಕು ಕೊಡುತ್ತೆ ಕಣೋ."

"ಇಳಿಜಾರಲ್ಲಿ ತಳ್ಳಿದರೆ ಕೊಡಬಹುದು. ನನ್ನ ಪಂಪಿನ ಮುಂದೆ ಬಂದು ಹೇಳು ಆ ಮಾತು."

ಎಲ್ಲರೂ ನಕ್ಕರು. ಡ್ವೇನ್ ಮೂಲೆಯಲ್ಲಿ ಕೂತಿದ್ದ. ನನ್ನ ಪರವಾಗಿ ಎದ್ದು ನಿಂತವನು ಅವನೊಬ್ಬನೇ: "ಮಾವ ಅಳೆದು ನೋಡಿದ್ದಾರೆ, ಮೆಲ್ವಿನ್. ಅವರು ಸುಮ್ನೆ ಹೇಳೋರಲ್ಲ." ಆಗಲೇ ಅವನನ್ನು ಹೊರಗೆ ಕರೆದು ನಿಜ ಹೇಳಬೇಕಿತ್ತು. ಖುಷಿಯಾಯಿತು, ಸುಮ್ಮನಾದೆ.

ಪೆಟ್ರೋಲ್ ಮುಳ್ಳಿನ ವಿಷಯವೂ ಇದೆ. ಎರಡು ವರ್ಷದ ಹಿಂದೆ ಟ್ಯಾಂಕು ಇಳಿಸಿದಾಗ ನನ್ನ ಕೈಯಿಂದಲೇ ಒಳಗಿನ ಮಟ್ಟ ಅಳೆಯುವ ಕಡ್ಡಿ ಬಾಗಿತ್ತು. ಆಮೇಲೆ ಮುಳ್ಳು ಕಾಲು ಭಾಗಕ್ಕೆ ಬಂದರೆ ಅಲ್ಲೇ ಅಂಟಿಕೊಳ್ಳುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಇವತ್ತು ಸರಿಮಾಡುತ್ತೇನೆ, ನಾಳೆ ಸರಿಮಾಡುತ್ತೇನೆ ಎಂದು ಬಿಟ್ಟೆ. ಕಾರು ಕೊಡುವಾಗ ಡ್ವೇನ್‌ಗೆ, "ಮುಳ್ಳು ನಂಬಬೇಡ, ಮೈಲಿ ನೋಡ್ಕೊ. ಟ್ಯಾಂಕಿಗೆ ಇಪ್ಪತ್ತೊಂದು ಗ್ಯಾಲನ್, ಹದಿನಾಲ್ಕರಂತೆ ಲೆಕ್ಕ ಹಾಕ್ಕೊ," ಅಂದಿದ್ದೆ. ಅವನು ಅದನ್ನು ಚೀಟಿಯಲ್ಲಿ ಬರೆದು ಮುಂದಿನ ಗಾಜಿನ ಮೇಲೆ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ಇಂಥವನನ್ನು ಊರು ಮರೆಗುಳಿ ಅನ್ನುತ್ತದೆ.

ಫೆಬ್ರವರಿ ಹತ್ತರ ಭಾನುವಾರ ಅವನು ಆಸ್ಪತ್ರೆಯಲ್ಲಿದ್ದ ತಾಯಿಯನ್ನು ನೋಡಲು ಮೈನಾಟ್‌ಗೆ ಹೋದ. ಹೋಗುವುದು ತೊಂಬತ್ತೆಂಟು ಮೈಲಿ, ಬರುವುದು ತೊಂಬತ್ತೆಂಟು. ಶನಿವಾರ ಸಂಜೆ ನಾನೇ ಟ್ಯಾಂಕು ತುಂಬಿಸಿ ಕೊಟ್ಟಿದ್ದೆ. ಹದಿನಾಲ್ಕರ ಲೆಕ್ಕದಲ್ಲಿ ಹೋಗಿ ಬಂದರೂ ಏಳು ಗ್ಯಾಲನ್ ಮಿಗಬೇಕು. ಒಂಬತ್ತರ ಲೆಕ್ಕದಲ್ಲಿ ಮನೆಗೆ ಏಳು ಮೈಲಿ ಇರುವಾಗ ಮುಗಿಯುತ್ತದೆ. ಅಲ್ಲೇ ಮುಗಿಯಿತು.

ಅವನು ಎರಡೂವರೆಗೆ ಮೈನಾಟ್ ಬಿಟ್ಟ. ನಾಲ್ಕರ ಸುಮಾರಿಗೆ ಬಿರುಗಾಳಿ ಹಿಮ ಹೊತ್ತು ಬಂತು. ಕಾರು ಓಡುತ್ತಿದ್ದರೆ ಹತ್ತು ನಿಮಿಷದಲ್ಲಿ ನಿನ್ನ ಬಾಗಿಲಲ್ಲಿರುತ್ತಿದ್ದ. ಮುಂದಿನದು ನಿನಗೆ ಗೊತ್ತು, ಗೊತ್ತಿಲ್ಲದಷ್ಟನ್ನು ಹೇಳುತ್ತೇನೆ. ಮಂಗಳವಾರ ಬೆಳಿಗ್ಗೆ ಹಿಮ ತಳ್ಳುವ ಗಾಡಿಯಲ್ಲಿ ನಾನೂ ಹೋದೆ. ಮೊದಲು ಕಾರು ಸಿಕ್ಕಿತು. ಅವನು ಅಲ್ಲಿಂದ ಒಂದು ಕೂಗಳತೆಯಷ್ಟು ದೂರದಲ್ಲಿದ್ದ. ಬೇಲಿಯ ತಂತಿ ಹಿಡಿದುಕೊಂಡೇ ಊರಿನ ದಿಕ್ಕಿಗೆ ನಡೆದಿದ್ದ. ದಿಕ್ಕು ತಪ್ಪಿರಲಿಲ್ಲ. ಇದನ್ನು ನಿನಗೆ ಯಾರೂ ಹೇಳಿರಲಾರರು. ತಂತಿ ಒಂದು ಕಡೆ ಹಿಮದಡಿ ಹೂತುಹೋಗಿತ್ತು, ಅಲ್ಲಿಗೆ ಬಂದು ಕೂತಿದ್ದ.

ಅವನನ್ನು ಕೊಂಡೊಯ್ದ ಮೇಲೆ ಶೆರಿಫ್ ಕಾರು ತೆಗೆಯಲು ಹೇಳಿದ. ಎರಡು ಗ್ಯಾಲನ್ ಸುರಿದೆ. ಕಾರ್ಬುರೇಟರಿಗೆ ಒಂದಿಷ್ಟು ಹನಿಸಿ ಕೀಲಿ ತಿರುಗಿಸಿದೆ. ಒಂದೇ ತಿರುವಿಗೆ ಹೊತ್ತಿಕೊಂಡಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದರಲ್ಲೇ ಕೂತು ಮನೆಗೆ ಬಂದೆ. ಆ ಹನ್ನೆರಡು ನಿಮಿಷ ನಾನು ಯಾವ ಮನುಷ್ಯನಿಗೂ ಬಯಸುವುದಿಲ್ಲ.

ಇನ್ನೊಂದು ಕೆಲಸ ಮಾಡಿದೆ, ಅಮ್ಮನಿಗೂ ಗೊತ್ತಿಲ್ಲ. ಹೋದ ಗುರುವಾರ ಟ್ಯಾಂಕು ಕತ್ತಿನವರೆಗೆ ತುಂಬಿಸಿ, ಡಿಕ್ಕಿಯಲ್ಲಿ ಒಂದು ಡಬ್ಬಿ ಪೆಟ್ರೋಲ್ ಇಟ್ಟುಕೊಂಡು ಮೈನಾಟ್‌ಗೆ ಹೋದೆ. ಆಸ್ಪತ್ರೆ ಮುಂದೆ ತಿರುಗಿಸಿ ವಾಪಸು ಹೊರಟೆ. ಎಲ್ಲೂ ಐವತ್ತೈದು ದಾಟಲಿಲ್ಲ. ಬಿಸಿಲಿತ್ತು, ಗಾಳಿ ಇರಲಿಲ್ಲ. ಮನಸ್ಸಿನಲ್ಲಿ ಒಂದು ಹುಚ್ಚು ಆಸೆ ಇತ್ತು: ಈ ದರಿದ್ರ ಕಾರು ಮನೆ ಮುಟ್ಟಲಿ, ಆಗ ತಪ್ಪು ಬೇರೆ ಯಾವುದರದ್ದೋ ಆಗುತ್ತದೆ, ಗಾಳಿಯದ್ದೋ, ಅವನದ್ದೋ. ನೋಡು, ನಿನ್ನ ಅಪ್ಪ ಎಂಥವನು. ಸತ್ತ ಹುಡುಗನ ತಲೆಗೆ ಕಟ್ಟಲು ದಾರಿ ಹುಡುಕುತ್ತಿದ್ದೆ. ಊರಿಗೆ ಐದು ಮೈಲಿ ಇರುವಾಗ ಎರಡು ಸಲ ಕೆಮ್ಮಿ ನಿಂತಿತು. ಮುಳ್ಳು ಕಾಲು ಭಾಗ ತೋರಿಸುತ್ತಲೇ ಇತ್ತು. ಹೊರಗೆ ಹೊಲದಲ್ಲಿ ಹಕ್ಕಿಗಳು ಕೂಗುತ್ತಿದ್ದವು. ಒಂದು ಟ್ರಕ್ಕಿನವನು ನಿಲ್ಲಿಸಿ, "ಏನಾಯ್ತು ತಾತ, ಕೆಟ್ಟುಹೋಯ್ತಾ?" ಎಂದು ಕೇಳಿದ. "ಇಲ್ಲಪ್ಪ, ಸರಿಯಾಗೇ ಇದೆ," ಅಂದೆ.

ಆದ್ದರಿಂದ, ಮಗಳೇ, ಡ್ವೇನ್ ಮರೆಯಲಿಲ್ಲ. ಕೊಟ್ಟ ಲೆಕ್ಕದ ಪ್ರಕಾರ ನಡೆದುಕೊಂಡ. ಲೆಕ್ಕ ತಪ್ಪು ಕೊಟ್ಟವನು ನಾನು. ಮಗುವಿಗೆ ಹಾಗೇ ಹೇಳು. ನಿಮ್ಮ ತಾತ ಜಂಬದ ಮನುಷ್ಯ, ನಿಮ್ಮಪ್ಪ ಮಾತನ್ನು ನಂಬುವ ಮನುಷ್ಯ ಎಂದು ಹೇಳು. ನಾಳೆ ಶೆರಿಫ್‌ನ ಹತ್ತಿರವೂ ಹೋಗಿ ಹೇಳುತ್ತೇನೆ. ಡ್ವೇನ್‌ನ ಅಪ್ಪ ಅಮ್ಮ, ಕೆಸ್ಲರ್ ದಂಪತಿಗಳ ಮನೆಗೂ ಹೋಗುತ್ತೇನೆ. ಮಗನನ್ನು ಕಳಕೊಂಡ ಆ ತಾಯಿ ನನ್ನನ್ನು ಕೂರಿಸಿ ಸೂಪು ಬಡಿಸಿದರೆ ಏನು ಮಾಡುವುದೆಂದು ತಿಳಿಯುತ್ತಿಲ್ಲ.

ನೀನು ಉತ್ತರ ಬರೆಯಲೇಬೇಕೆಂದಿಲ್ಲ. ಅಮ್ಮ ಬಂದಾಗ ಅವಳ ಮೇಲೆ ಕೋಪ ತೋರಿಸಬೇಡ, ಅವಳಿಗೆ ಇದೊಂದೂ ತಿಳಿಯದು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲು ಊದಿದರೆ ಎತ್ತಿಟ್ಟುಕೊಂಡು ಮಲಗು. ದೇವರು ನಿನ್ನನ್ನೂ ಕೂಸನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಂಡಿರಲಿ. ನನ್ನ ಪಾಲಿನ ಆಯಸ್ಸು, ಒಳ್ಳೆಯದು ಏನಾದರೂ ಉಳಿದಿದ್ದರೆ ಅದೂ ನಿಮ್ಮಿಬ್ಬರಿಗೇ ಸೇರಲಿ.

ನಿನ್ನ ಅಪ್ಪ,
ಆರ್ವಿಡ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ಭಾನುವಾರ ಎರಡು ಗಂಟೆಗೆ ಡ್ವೇನ್ ಮೈನಾಟ್‌ನಿಂದ ನನಗೆ ಫೋನ್ ಮಾಡಿದ್ದ. ಅಮ್ಮ ಊರಲ್ಲೇ ನಿಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ನನ್ನ ಜೊತೆ ಮೆಲ್ವಿನ್ ಕಾಫಿ ಕುಡಿಯುತ್ತ ಕೂತಿದ್ದ. ಡ್ವೇನ್ ಹೇಳಿದ: "ಮಾವ, ಇಲ್ಲಿ ಒಂದೇ ಒಂದು ಬಂಕು ತೆಗೆದಿದೆ. ಮುಂದೆ ನಲವತ್ತು ಕಾರು ಇದಾವೆ, ಒಂದೂವರೆ ಗಂಟೆ ಆಗಬಹುದು. ವಾಯುವ್ಯದಲ್ಲಿ ಆಕಾಶ ಚೆನ್ನಾಗಿಲ್ಲ. ಸಾಲಲ್ಲಿ ನಿಂತು ಹಾಕಿಸ್ಕೊಂಡು, ಆಮೇಲೆ ಅಮ್ಮನ ಹತ್ರಾನೇ ಉಳ್ಕೊಂಡು ನಾಳೆ ಬರ್ಲಾ? ಇಲ್ಲಾ ಇರೋದ್ರಲ್ಲೇ ಮನೆಗೆ ಬರಬಹುದಾ? ನಿಜವಾಗ್ಲೂ ಹದಿನಾಲ್ಕು ಬರುತ್ತಾ?"

ಒಂಬತ್ತು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಮೆಲ್ವಿನ್ ಬಟ್ಟಲು ಕೆಳಗಿಟ್ಟು, ಹಲ್ಲು ಕಿರಿದು, ನನ್ನ ಬಾಯನ್ನೇ ನೋಡುತ್ತಿದ್ದ.

"ಹದಿನಾಲ್ಕೇ. ಹೊರಡು. ಏಳು ಗ್ಯಾಲನ್ ಮಿಗುತ್ತೆ," ಅಂದೆ.

"ಸರಿ ಮಾವ. ನೀವು ಹೇಳಿದ ಮೇಲೆ ಆಯ್ತು," ಅಂದ.