ಒಂದೇ ಹೆಬ್ಬಾಗಿಲಿನ ಊರು

ಒರ್ನೆಲ್ಲಾ,

ನಮ್ಮೂರ ಡಾಕ್ಟರ ಪತ್ರ ತರಲು ಹೋಗುತ್ತಿದ್ದೇನೆ, ಹತ್ತಕ್ಕೆ ಬರುತ್ತೇನೆ. ನೀನು ಏಳುವವರೆಗೆ ತಾತನ ಜೊತೆ ಪಕ್ಕದ ಮನೆಯ ಇರ್ಮಾ ಕೂತಿರುತ್ತಾಳೆ. "ನಮ್ಮ ಒಲೆ ಕೆಟ್ಟಿದೆ ಕಣೇ, ಕಾಫಿ ಇಲ್ಲೇ ಕುಡೀತೀನಿ" ಅಂದಳು. ಅವಳ ಒಲೆ ಚೆನ್ನಾಗಿಯೇ ಇದೆ.

ಗುರುವಾರ ರಾತ್ರಿ ತಂಗಲು ರೊಕ್ಕಸ್ಪೀನಾದಲ್ಲಿ ಕೋಣೆ ಹಿಡಿ. ಶುಕ್ರವಾರ ಬೆಳಿಗ್ಗೆ ಸಿಯೆನಾದಲ್ಲಿ ತಾತನ ಮರೆವಿಗೆ ಡಾಕ್ಟರನ್ನು ಕಾಣಬೇಕಲ್ಲ, ಒಂದೇ ದಿನದ ಪ್ರಯಾಣ ಅವರಿಗೆ ಆಗದು.

ಕೊರ್ತೋನಾ ಮಾತ್ರ ಬೇಡ. ಹೋದ ವರ್ಷ ಅಲ್ಲಿ ಬೆಳಗಿನ ಜಾವ ಒಬ್ಬರೇ ಎದ್ದು ಹೋದರು. ನಾನು ಊರ ಕೋಟೆಯ ಒಂದು ಬಾಗಿಲಲ್ಲಿ ಹುಡುಕುತ್ತಿದ್ದರೆ ಅವರು ಇನ್ನೊಂದರಿಂದ ಹೊರಬಿದ್ದಿದ್ದರು. ಬ್ರೆಡ್ ಮಾರುವ ಹೆಂಗಸೊಬ್ಬಳು ತನ್ನ ಕೋಟು ಹೊದಿಸಿ ಕೂರಿಸಿಕೊಂಡಿದ್ದಳು. ರೊಕ್ಕಸ್ಪೀನಾದ ಕೋಟೆಗೆ ಒಂದೇ ಹೆಬ್ಬಾಗಿಲು. ಅದು ಕಾಣುವ ಕೋಣೆಯನ್ನೇ ಕೇಳು.

ರೊಕ್ಕಸ್ಪೀನಾ ಎಂದರೆ ತಾತ ಬಯ್ಯುತ್ತಾರೆ. "ಮೂವತ್ತು ವರ್ಷ ಆ ಗುಡ್ಡಗಳಿಗೆಲ್ಲ ಬಸ್ ಓಡಿಸಿದೀನಿ. ಅದೊಂದು ಊರೇನೇ? ಕೋಳಿಗೂಡು!" ಎಂದು ನಿನ್ನೆಯೇ ಹಂಗಿಸಿದರು. ನೀನು ವಾದಕ್ಕೆ ನಿಲ್ಲಬೇಡ, ನಿಜವನ್ನೂ ಹೇಳಬೇಡ. ಈ ಚೀಟಿಯನ್ನು ಹರಿದುಹಾಕು; ಎಲ್ಲವನ್ನೂ ಮೇಜಿನ ಮೇಲೆ ಬಿಟ್ಟುಹೋಗುವುದು ನಿನ್ನ ರೂಢಿ.

ಕೊರ್ತೋನಾದ ಏರು ಅಜ್ಜಿಯ ಮಂಡಿಗೆ ಆಗದು ಎಂದಷ್ಟೇ ಹೇಳು. ಆಗ ಒಪ್ಪುತ್ತಾರೆ. ಭಾನುವಾರ ಚರ್ಚಿನ ಮುಂದೆ ನನ್ನ ಹೆಸರಿಗಾಗಿ ಬಹಳ ಹೊತ್ತು ತಡಕಾಡಿದರು, ಸಿಗಲಿಲ್ಲ. ಆದರೂ ಮೆಟ್ಟಿಲು ಬಂದೊಡನೆ ನನಗೆ ಕೈ ಚಾಚಿದರು.

ಅಜ್ಜಿ